ಅಗಾಧಸಮುದ್ರದ ಶೈತ್ಯವೂ ಅದರ ಮೂಲವೂ

೧

ಸಮುದ್ರಗರ್ಭದಲ್ಲಿ ಬಡಬಾಗ್ನಿಯು ಉರಿಯುತ್ತಿರುವುದೆಂಬುದು ಕವಿಸಮಯ. ಸಂಸ್ಕೃತ ಕವಿಗಳೂ ಅವರನ್ನನುಸರಿಸಿದ ಕನ್ನಡ ಕವಿಗಳೂ ಇದನ್ನು ನಾನಾ ವಿಧವಾಗಿ ಬಳಸಿಕೊಂಡಿರುವರು. ಜ್ಯೋತಿಷಗ್ರಂಥಗಳಲ್ಲಿ ದಕ್ಷಿಣ ಧ್ರುವಕ್ಕೆ ಬಡವಾಮುಖವೆಂಬ ಹೆಸರೇ ಇದೆ. ಆದರೆ ಅಳತೆಗೆ ಸಿಕ್ಕಿದ ಸಮುದ್ರಗರ್ಭವು ಇದಕ್ಕೆ ತೀರ ವಿಪರೀತವಾದುದು. ಉಷ್ಣವಲಯದಲ್ಲಿ ಕಡಲಿನ ಮೇಲ್ಭಾಗವು ೨೮ ಡಿಗ್ರಿ ಸೆಂಟಿಗ್ರೇಡಿನಷ್ಟು ಬೆಚ್ಚಗಿರುವಾಗಲೂ ನಾಲ್ಕು ಸಾವಿರ ಮೀಟರಿನ ಕೆಳಗೆ ನೀರು ಸುಮಾರು ೨ ಡಿಗ್ರಿ ಮಾತ್ರವಿರುವುದು. ಕನ್ನಡನಾಡಿನ ಪಡುಗಡಲೆನಿಸಿದ ಅರಬ್ಬೀ ಸಮುದ್ರದ ಅಗಾಧಭಾಗವೂ ಇದಕ್ಕೆ ಹೊರತಲ್ಲ.

ಈ ಶೈತ್ಯವು ಎಲ್ಲಿಂದ ಬಂದುದು? ಅದು ಧ್ರುವಪ್ರದೇಶದಿಂದ ಬಂದುದೆಂಬ ಉತ್ತರವು ಹದಿನೆಂಟನೆಯ ಶತಮಾನದ ಕೊನೆಯಲ್ಲಿಯೇ ದೊರೆಯಿತು. ಆದರೆ ಧ್ರುವದಲ್ಲಿ ಅದು ಹುಟ್ಟುವ ಬಗೆ ಯಾವುದೆಂಬುದು ಗೊತ್ತಾಗಲು ಮತ್ತೂ ಒಂದು ಶತಮಾನಕ್ಕೆ ಮೇಲ್ಪಟ್ಟು ಹಿಡಿಯಿತು. ಈ ವಿಳಂಬಕ್ಕೆ ಕಾರಣವೇನು, ಕೊನೆಗೆ ನಿರ್ಣಯವು ಯಾವ ಪ್ರಮಾಣದಿಂದ ಸಿದ್ಧಿಸಿತು ಎಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ಜಿಜ್ಞಾಸೆಯ ಸ್ವರೂಪವನ್ನು ತಿಳಿಯಲು ನ್ಯಾಯಶಾಸ್ತ್ರದ ಒಂದು ದೃಷ್ಟಾಂತವು ಉಪಕರಿಸುವುದು. ನ್ಯಾಯಸೂತ್ರಕ್ಕೆ ಭಾಷ್ಯವನ್ನು ಬರೆದ ವಾತ್ಸ್ಯಾಯನನು ಶೇಷವತ್ ಎಂಬ ಅನುಮಾನವನ್ನು, ಎಂದರೆ ಕಾರ್ಯದಿಂದ ಕಾರಣವನ್ನು ಊಹಿಸುವ ಕ್ರಮವನ್ನು, ವಿವರಿಸುವಾಗ ತುಂಬಿ ಹರಿಯುವ ಹೊಳೆಯನ್ನು ಉದಾಹರಿಸಿರುವನು. ಕೆಳಗೆ ಹೊಳೆಯು ಏರಿದುದನ್ನು ಕಂಡು ಮೇಲೆ ಮಳೆ ಸುರಿದಿರಬೇಕೆಂದು ತಿಳಿಯುವುದು ಇದರ ಲಕ್ಷಣ. ಇದಕ್ಕೆ ಸೂತ್ರಕಾರನೇ ಪೂರ್ವಪಕ್ಷವನ್ನು ಎತ್ತಿರುವನು. ಅಡ್ಡಗಟ್ಟಿದರೂ ಹೊಳೆಯು ಏರುವುದಷ್ಟೆ. ಆಗ ಮಳೆಯ ಅನುಮಾನವು ತಪ್ಪುವುದಲ್ಲವೆ? ಭಾಷ್ಯಕಾರನ ಸಮಾಧಾನವೇನೆಂದರೆ, ನೀರು ಏರಿದ ಮಾತ್ರದಿಂದ ಮಳೆಯನ್ನು ಊಹಿಸುವುದಲ್ಲ. ಪ್ರವಾಹದ ವೇಗ, ನೊರೆ, ತೇಲಿಬರುವ ಹಣ್ಣು, ಎಲೆ, ಕಟ್ಟಿಗೆ ಇವೆಲ್ಲವೂ ಕೂಡಿದ ವಿಶಿಷ್ಟವಾದ ಏರಿಕೆಯೇ ಹೇತು. ಅಗಾಧಜಲದ ವಿಚಾರದಲ್ಲಿಯೂ ಹೀಗೆಯೇ ನಡೆಯಿತು. ಶೈತ್ಯವೆಂಬುದು ಏರಿದ ನೀರಿನಂತೆ. ನೊರೆ ಎಲೆಗಳ ಸ್ಥಾನದಲ್ಲಿ ನಿಲ್ಲಬಲ್ಲ ಬೇರೆ ಲಕ್ಷಣಗಳು ಸಿಕ್ಕುವವರೆಗೆ ಕಾರಣವು ನಿಶ್ಚಯವಾಗಲಿಲ್ಲ.

೨

೧೭೫೧ರಲ್ಲಿ ಹೆನ್ರಿ ಎಲ್ಲಿಸ್ ಎಂಬ ಆಂಗ್ಲ ನಾವಿಕನು ಗುಲಾಮರ ವ್ಯಾಪಾರದ ಹಡಗೊಂದನ್ನು ನಡೆಸುತ್ತ ಅಟ್ಲಾಂಟಿಕ್ ಸಾಗರದಲ್ಲಿ ಉತ್ತರ ಅಕ್ಷಾಂಶ ೨೫ ಡಿಗ್ರಿಯ ಸಮೀಪದಲ್ಲಿದ್ದಾಗ ಒಂದು ಪರೀಕ್ಷೆಯನ್ನು ಮಾಡಿದನು. ಇಳಿಯುವಾಗ ತೆರೆದುಕೊಂಡು ಏರುವಾಗ ಮುಚ್ಚಿಕೊಳ್ಳುವ ಕವಾಟಗಳುಳ್ಳ ಒಂದು ಕೊಡವನ್ನು ಸ್ಟೀಫನ್ ಹೇಲ್ಸ್ ಎಂಬ ಪಂಡಿತನು ಕಲ್ಪಿಸಿಕೊಟ್ಟಿದ್ದನು. ಅದರಲ್ಲಿ ಉಷ್ಣಮಾಪಕವನ್ನಿಟ್ಟು ೫,೩೪೬ ಅಡಿಗಳವರೆಗೆ ಇಳಿಸಲಾಯಿತು. ಮೇಲೆ ಫಾರನ್‌ಹೀಟ್ ಮಾನದಲ್ಲಿ ೮೪ ಡಿಗ್ರಿ ಇದ್ದಾಗ ಆಳದಿಂದ ಬಂದ ನೀರು ೫೩ ಡಿಗ್ರಿಯನ್ನು ತೋರಿಸಿತು. ಎಲ್ಲಿಸನು ಆ ನೀರನ್ನು ಸ್ನಾನಕ್ಕೂ ಪಾನೀಯಗಳನ್ನು ತಂಪಾಗಿಸುವುದಕ್ಕೂ ಉಪಯೋಗಿಸಿದನಲ್ಲದೆ ಅದರ ಕಾರಣವನ್ನು ವಿಚಾರಿಸಲಿಲ್ಲ.

ಕಾರಣವನ್ನು ಊಹಿಸಿದವನು ಕೌಂಟ್ ರಮ್‌ಫರ್ಡನು. ೧೭೯೭ರ ತನ್ನ ಪ್ರಬಂಧದಲ್ಲಿ ಅವನು ಎಲ್ಲಿಸನ ಅಳತೆಯನ್ನೇ ಹೇತುವಾಗಿ ಹಿಡಿದನು. ಬಿಸಿಲಿನ ದೇಶದಲ್ಲಿ ಆ ನೀರು ಅಷ್ಟು ತಣ್ಣಗಾಗಲು ಆಸ್ಪದವಿಲ್ಲ. ಆದುದರಿಂದ ಅದು ಧ್ರುವದ ಕಡೆಯಲ್ಲಿ ತಣ್ಣಗಾಗಿ ಮುಳುಗಿ ತಳದಲ್ಲಿ ಹರಿದು ಬಂದುದಾಗಿರಬೇಕು. ಮೇಲಿನ ನೀರು ಅದಕ್ಕೆ ಪ್ರತಿಯಾಗಿ ಧ್ರುವದ ಕಡೆಗೆ ಚಲಿಸಬೇಕು ಎಂಬುದು ಅವನ ಯುಕ್ತಿ. ಒಂದೇ ಅಳತೆಯ ಆಧಾರದ ಮೇಲೆ ನಿಂತ ಈ ಅನುಮಾನವು ಮುಂದೆ ಸತ್ಯವೆಂದೇ ಸ್ಥಿರಪಟ್ಟಿತು.

ಆದರೆ ನಡುವೆ ಒಂದು ವಿಘ್ನವು ಬಂದಿತು. ಸಿಹಿನೀರು ೪ ಡಿಗ್ರಿಯಲ್ಲಿ ಅತ್ಯಂತ ಭಾರವಾಗಿದ್ದು ಅದಕ್ಕಿಂತ ತಣ್ಣಗಾದರೆ ಹಗುರವಾಗುವುದು. ಆದುದರಿಂದಲೇ ಶೀತದೇಶದ ಕೆರೆಗಳು ಮೇಲಿನಿಂದ ಹೆಪ್ಪುಗಟ್ಟುವುವು. ಸಮುದ್ರಕ್ಕೂ ಈ ನಿಯಮವೇ ಎಂದು ಅನೇಕರು ಭಾವಿಸಿದರು. ಸಮುದ್ರಜಲವು ಹೆಪ್ಪುಗಟ್ಟುವವರೆಗೂ ಭಾರವಾಗುತ್ತಲೇ ಹೋಗುವುದೆಂದು ಮಾರ್ಸೆಟ್ ಎಂಬವನು ೧೮೧೯ರಲ್ಲಿಯೇ ತೋರಿಸಿದ್ದರೂ, ೧೮೩೯ರಿಂದ ೧೮೪೩ರವರೆಗೆ ದಕ್ಷಿಣ ಧ್ರುವಸಮುದ್ರದಲ್ಲಿ ಸಂಚರಿಸಿದ ಜೇಮ್ಸ್ ಕ್ಲಾರ್ಕ್ ರಾಸನು ಸಾಗರದ ಆಳವೆಲ್ಲವೂ ಸುಮಾರು ೪ ಡಿಗ್ರಿಯಲ್ಲಿಯೇ ಇರುವುದೆಂದು ನಂಬಿದನು. ಅವನ ಉಪಕರಣಗಳೂ ಇದಕ್ಕೆ ಸಾಕ್ಷಿ ನುಡಿದಂತೆ ತೋರಿದುವು. ಆಳದ ನೀರಿನ ಒತ್ತಡವು ಉಷ್ಣಮಾಪಕದ ಬುರುಡೆಯನ್ನು ಹಿಸುಕಿ ಪಾದರಸವನ್ನು ಮೇಲಕ್ಕೇರಿಸುವುದೆಂಬುದು ಲೆಕ್ಕಕ್ಕೆ ಬಂದಿರಲಿಲ್ಲ. ಸಿದ್ಧಾಂತವು ಮೊದಲೇ ಮನಸ್ಸಿನಲ್ಲಿ ನೆಲೆಗೊಂಡಿದ್ದರೆ ದೋಷಯುಕ್ತವಾದ ಪ್ರತ್ಯಕ್ಷವೂ ಪ್ರಮಾಣದಂತೆ ತೋರುವುದೆಂಬುದಕ್ಕೆ ಇದು ನಿದರ್ಶನ. ಎಮಿಲ್ ಲೆಂಟ್ಸ್ ಎಂಬವನು ಮಾತ್ರ ೧೮೨೩ರಿಂದ ೧೮೨೬ರವರೆಗಿನ ರಷ್ಯಾದ ಭೂಪ್ರದಕ್ಷಿಣೆಯಲ್ಲಿ ಎಚ್ಚರದಿಂದ ಅಳೆದು, ೧೮೪೫ರಲ್ಲಿ ರಮ್‌ಫರ್ಡನ ಮತವನ್ನು ವಿಸ್ತರಿಸಿದನು.

೧೮೬೮ರಲ್ಲಿ ಲೈಟ್ನಿಂಗ್ ಎಂಬ ಹಡಗಿನಲ್ಲಿ ಹೋದ ಕಾರ್ಪೆಂಟರ್ ಮತ್ತು ವೈವಿಲ್ ಥಾಮ್ಸನ್ ಇವರಿಗೆ ಸ್ಕಾಟ್ಲೆಂಡಿನ ಉತ್ತರಕ್ಕೆ ಒಂದೇ ಆಳದಲ್ಲಿ ಸೊನ್ನೆಯ ಸಮೀಪದ ತಣ್ಣೀರೂ ಬೆಚ್ಚನೆಯ ನೀರೂ ಅಕ್ಕಪಕ್ಕದಲ್ಲಿ ದೊರೆತುದರಿಂದ ನಾಲ್ಕು ಡಿಗ್ರಿಯ ವಾದವು ಬಿದ್ದುಹೋಯಿತು. ಒತ್ತಡವನ್ನು ತಡೆಯುವ ಉಷ್ಣಮಾಪಕಗಳೊಡನೆ ೧೮೭೨ರಿಂದ ೧೮೭೬ರವರೆಗೆ ಸಂಚರಿಸಿದ ಚಾಲೆಂಜರ್ ಹಡಗು ಸಾಗರಗಳ ತಳವೆಲ್ಲವೂ ತಣ್ಣಗಿರುವುದೆಂಬುದನ್ನು ಸಂದೇಹಕ್ಕೆಡೆಯಿಲ್ಲದಂತೆ ಸ್ಥಾಪಿಸಿತು. ಹಿಂದೂ ಮಹಾಸಾಗರದ ಸಾಕ್ಷ್ಯವು ಇಲ್ಲಿ ವಿಶೇಷವಾಗಿ ಗಮನಾರ್ಹ. ಅದರ ಉತ್ತರಕ್ಕೆ ಏಷ್ಯಾಖಂಡವು ಗೋಡೆಯಂತೆ ನಿಂತಿದೆ; ಧ್ರುವಸಮುದ್ರದ ದಾರಿ ಆ ಕಡೆಯಲ್ಲಿಲ್ಲ. ಆದರೂ ಅದರ ತಳವು ತಣ್ಣಗಿರುವುದರಿಂದ ಆ ಶೈತ್ಯವು ದಕ್ಷಿಣದಿಂದಲೇ ಬಂದಿರಬೇಕು.

೩

ಇಷ್ಟರಿಂದ ದಿಕ್ಕು ತಿಳಿಯಿತೇ ಹೊರತು ಕ್ರಮವು ತಿಳಿಯಲಿಲ್ಲ. ತಣ್ಣಗಾದ ನೀರು ಮುಳುಗುವುದೆಂದರೆ ಸಾಲದೆ ಎಂದು ತೋರಬಹುದು. ಸಾಲದು. ಧ್ರುವಸಮುದ್ರಗಳ ಮೇಲ್ಪದರವು ಹಿಮಪಾತದಿಂದಲೂ ಕರಗಿದ ಮಂಜುಗಡ್ಡೆಯಿಂದಲೂ ಸಪ್ಪೆಯಾಗಿರುವುದು. ಸಪ್ಪೆನೀರು ಹಗುರ. ಅದು ಎಷ್ಟೇ ತಣ್ಣಗಾದರೂ ಕೆಳಗಿನ ಉಪ್ಪುನೀರಿಗಿಂತ ಭಾರವಾಗುವ ಮೊದಲೇ ಹೆಪ್ಪುಗಟ್ಟುವುದು. ಹಾಗಾದರೆ ಅಲ್ಲಿ ಯಾವ ನೀರೂ ಸಾವಿರಾರು ಮೀಟರ್ ಮುಳುಗಬಾರದು. ಶೈತ್ಯವೊಂದನ್ನೇ ಕಾರಣವೆಂದು ಹಿಡಿದವರು ಉತ್ತರಿಸಲಾರದೆ ಹೋದ ಪ್ರಶ್ನೆ ಇದು.

ಸಮಾಧಾನವು ಹೆಪ್ಪುಗಟ್ಟುವ ಕ್ರಿಯೆಯಲ್ಲಿಯೇ ಇದ್ದಿತು. ಒಂದು ಕಿಲೋಗ್ರಾಮ್ ಸಮುದ್ರಜಲದಲ್ಲಿ ಸುಮಾರು ೩೫ ಗ್ರಾಮ್ ಲವಣವಿರುವುದು. ಅದು ಸೊನ್ನೆಗಿಂತ ಕೆಳಗೆ ೧.೯ ಡಿಗ್ರಿಯಲ್ಲಿ ಹೆಪ್ಪುಗಟ್ಟುವುದು. ಆದರೆ ಹಿಮದ ಹರಳು ತನ್ನೊಳಗೆ ಲವಣವನ್ನು ಸೇರಿಸುವುದಿಲ್ಲ. ಸ್ವಲ್ಪ ಲವಣವು ಹರಳುಗಳ ಸಂದುಗಳಲ್ಲಿ ಸಿಕ್ಕಿಕೊಳ್ಳುವುದು. ಮಿಕ್ಕುದು ತೀಕ್ಷ್ಣವಾದ ಉಪ್ಪುರಸವಾಗಿ ಕೆಳಗಿನ ನೀರಿಗೆ ಇಳಿಯುವುದು. ಹೀಗೆ ಪ್ರತಿಯೊಂದು ಹಿಮಪದರವೂ ಹುಟ್ಟುವಾಗ ತನ್ನ ಕೆಳಗಿನ ನೀರನ್ನು ಉಪ್ಪಾಗಿಸಿ ಭಾರಗೊಳಿಸುವುದು. ಹಿಮವು ಮೇಲೆ ತೇಲುವುದು, ಅದು ಬಿಟ್ಟ ಲವಣವು ಕೆಳಗೆ ಮುಳುಗುವುದು.

ಆದರೆ ಈ ಕಾರಣವು ಎಲ್ಲೆಡೆಯೂ ಒಂದೇ ಬಗೆಯಾಗಿ ವ್ಯಾಪಿಸುವುದಿಲ್ಲ. ನಾರ್ವೆ ದೇಶದ ನಾನ್ಸೆನನು ೧೮೯೩ರಿಂದ ೧೮೯೬ರವರೆಗೆ ಫ್ರಾಮ್ ಹಡಗಿನಲ್ಲಿ ಉತ್ತರದ ಹಿಮರಾಶಿಯೊಡನೆ ತೇಲಿದವನು. ಅಮುಂಡ್‌ಸೆನನು ೧೯೦೧ರಲ್ಲಿ ಮಾಡಿದ ಅಳತೆಗಳನ್ನು ವಿಮರ್ಶಿಸಿ ೧೯೦೬ರಲ್ಲಿ ಅವನು ಪ್ರಕಟಿಸಿದ ಗ್ರಂಥದಲ್ಲಿ, ಗ್ರೀನ್‌ಲ್ಯಾಂಡ್ ಸಮುದ್ರದ ನಡುಭಾಗದಲ್ಲಿ ಚಳಿಗಾಲದಲ್ಲಿ ಮೇಲಿನ ನೀರು ತಣ್ಣಗಾಗಿ ತಳಕ್ಕಿಳಿಯುವುದೆಂದು ನಿರೂಪಿಸಿದನು. ಅಲ್ಲಿಗೆ ಅಟ್ಲಾಂಟಿಕಿನಿಂದ ಉಪ್ಪಾದ ನೀರು ಬಂದು ಸೇರುವುದರಿಂದ ಶೈತ್ಯಕ್ಕೆ ಹಿಮದ ಸಹಾಯವು ಅಷ್ಟಾಗಿ ಬೇಕಿಲ್ಲ. ದಕ್ಷಿಣದಲ್ಲಿ ಸ್ಥಿತಿ ಬೇರೆ. ಅಲ್ಲಿ ಲವಣವನ್ನು ಒದಗಿಸುವ ಮುಖ್ಯ ಸಾಧನವು ಹಿಮವೇ.

೪

ಈ ವಿಷಯದಲ್ಲಿ ಪ್ರತ್ಯಕ್ಷಕ್ಕೆ ದೊಡ್ಡ ಅಡ್ಡಿಯೊಂದಿದ್ದಿತು. ಹಡಗುಗಳು ದಕ್ಷಿಣ ಧ್ರುವಸಮುದ್ರಕ್ಕೆ ಹೋಗುವುದು ಬೇಸಗೆಯಲ್ಲಿ. ಅಗಾಧಜಲವು ಹುಟ್ಟುವುದು ಚಳಿಗಾಲದಲ್ಲಿ. ಈ ಅಡ್ಡಿಯನ್ನು ದಾಟಿಸಿದುದು ಒಂದು ಸಂಕಟ. ಫಿಲ್ಖ್‌ನರನ ನಾಯಕತ್ವದಲ್ಲಿ ಹೊರಟ ಡಾಯ್ಚ್‌ಲಾಂಡ್ ಎಂಬ ಜರ್ಮನ್ ಹಡಗು ೧೯೧೨ರ ಮಾರ್ಚಿ ತಿಂಗಳಲ್ಲಿ ವೆಡೆಲ್ ಸಮುದ್ರದ ಹಿಮದಲ್ಲಿ ಸಿಕ್ಕಿಬಿದ್ದು ನವೆಂಬರಿನವರೆಗೆ ಅದರೊಡನೆಯೇ ತೇಲಿತು. ಬಿಡುಗಡೆಯಿಲ್ಲದ ಆ ಚಳಿಗಾಲದಲ್ಲಿ ವಿಲ್ಹೆಲ್ಮ್ ಬ್ರೆನೆಕೆಯು ಹಿಮದ ಕೆಳಗಿನ ನೀರಿನ ಉಷ್ಣವನ್ನೂ ಲವಣಾಂಶವನ್ನೂ ಅಳೆಯುತ್ತಿದ್ದನು. ಖಂಡದ ಅಂಚಿನಲ್ಲಿ ಜಗಲಿಯಂತೆ ಹಬ್ಬಿರುವ ಆಳವಲ್ಲದ ಸಮುದ್ರಭಾಗದಲ್ಲಿ ನೀರು ಹೆಪ್ಪುಗಟ್ಟುವಾಗ ಉಪ್ಪಾಗಿ, ಅಲ್ಲಿಂದ ಇಳಿಜಾರಿನ ಮೇಲೆ ಜಾರಿ ತಳವನ್ನು ಸೇರುವುದೆಂದು ಅವನು ೧೯೨೧ರಲ್ಲಿ ಪ್ರತಿಪಾದಿಸಿದನು.

ಅನಂತರ ನೊರೆ ಎಲೆಗಳಂತಹ ಲಕ್ಷಣಗಳು ಒಂದೊಂದಾಗಿ ಕೂಡಿಬಂದುವು. ೧೯೨೫ರಿಂದ ೧೯೨೭ರವರೆಗೆ ಮೇಟಿಯೊರ್ ಹಡಗು ಅಟ್ಲಾಂಟಿಕನ್ನು ಅಡ್ಡಲಾಗಿ ಮತ್ತೆ ಮತ್ತೆ ದಾಟಿ ಉಷ್ಣ, ಲವಣ, ಕರಗಿದ ಆಮ್ಲಜನಕ ಇವುಗಳನ್ನು ಅಳೆಯಿತು. ಆ ಅಳತೆಗಳಿಂದ ಗೇಯೋರ್ಗ್ ವ್ಯೂಸ್ಟನು ವೆಡೆಲ್ ಸಮುದ್ರದಿಂದ ಹೊರಟ ನೀರು ಪಶ್ಚಿಮ ಅಟ್ಲಾಂಟಿಕಿನ ಕಣಿವೆಗಳನ್ನು ಹಿಡಿದು ಸಮಭಾಜಕವೃತ್ತವನ್ನು ದಾಟುವುದನ್ನು ಗುರುತಿಸಿದನು. ಆಮ್ಲಜನಕವು ವಿಶೇಷವಾದ ಹೇತು. ಗಾಳಿಯ ಸಂಪರ್ಕವಿದ್ದಲ್ಲಿ ಮಾತ್ರ ನೀರು ಅದನ್ನು ಹೇರಳವಾಗಿ ಪಡೆಯಬಲ್ಲುದಾದುದರಿಂದ, ತಳದಲ್ಲಿ ಅದು ಹೆಚ್ಚಾಗಿರುವುದೇ ಆ ನೀರು ಸಮೀಪಕಾಲದಲ್ಲಿ ಮೇಲೆ ಇದ್ದುದೆಂಬುದಕ್ಕೆ ಗುರುತು. ೧೯೩೪ರಲ್ಲಿ ನಾರ್ವೆಯ ಮೊಸ್ಬಿಯು, ಜಗಲಿಯ ತಣ್ಣನೆಯ ಉಪ್ಪುನೀರು ಹೊರಗಿನ ಬೆಚ್ಚನೆಯ ಅಗಾಧಜಲದೊಡನೆ ಬೆರೆತು ತಳದ ನೀರಾಗುವುದೆಂಬುದನ್ನು ವಿವರಿಸಿದನು. ೧೯೩೭ರಲ್ಲಿ ಡೀಕನನು ದಕ್ಷಿಣ ಸಾಗರದ ಸುತ್ತಲಿನ ಜಲರಾಶಿಗಳನ್ನೆಲ್ಲ ಒಟ್ಟಾಗಿ ನಿರೂಪಿಸಿದನು.

ಈಗ ತಿಳಿದಿರುವ ಕ್ರಮವು ಸಂಗ್ರಹವಾಗಿ ಇದು. ಖಂಡದ ಎತ್ತರದಿಂದ ಇಳಿಯುವ ಕಡುಶೀತದ ಗಾಳಿಯು ತೀರದ ಹಿಮವನ್ನು ಕಡಲಿನ ಕಡೆಗೆ ತಳ್ಳುವುದು. ಆಗ ತೆರೆಯುವ ನೀರಿಗೆ ಪೊಲಿನ್ಯಾ ಎಂಬ ರಷ್ಯನ್ ಹೆಸರು ರೂಢಿಯಲ್ಲಿದೆ. ಆ ನೀರು ಹೆಪ್ಪುಗಟ್ಟಿದೊಡನೆ ಗಾಳಿಯು ಹೊಸ ಹಿಮವನ್ನೂ ತಳ್ಳಿಕೊಂಡು ಹೋಗುವುದು; ಮತ್ತೆ ನೀರು, ಮತ್ತೆ ಹಿಮ, ಮತ್ತೆ ಲವಣ. ಚಳಿಗಾಲವೆಲ್ಲ ಇದು ನಡೆದು ಜಗಲಿಯ ನೀರು ಭಾರವಾಗುವುದು. ಅದರಲ್ಲಿ ಒಂದು ಭಾಗವು ಖಂಡದಿಂದ ಚಾಚಿ ತೇಲುತ್ತಿರುವ ಹಿಮಫಲಕಗಳ ಕೆಳಗೆ ಹೊಕ್ಕು ಮತ್ತಷ್ಟು ತಣ್ಣಗಾಗುವುದು. ಬಳಿಕ ಅದು ಜಗಲಿಯ ಅಂಚನ್ನು ದಾಟಿ ಇಳಿಯುತ್ತ, ದಾರಿಯಲ್ಲಿ ಬೇರೆ ನೀರನ್ನು ಕೂಡಿಸಿಕೊಂಡು ಸಾಗರತಳದಲ್ಲಿ ಹಬ್ಬುವುದು.

ಕೃತಕ ಉಪಗ್ರಹಗಳು ಈ ಚಿತ್ರಕ್ಕೆ ಅನಿರೀಕ್ಷಿತವಾದ ಒಂದು ಅಂಶವನ್ನು ಸೇರಿಸಿದುವು. ೧೯೭೪ರಿಂದ ೧೯೭೬ರವರೆಗಿನ ಮೂರು ಚಳಿಗಾಲಗಳಲ್ಲಿ ವೆಡೆಲ್ ಸಮುದ್ರದಲ್ಲಿ, ತೀರದಿಂದ ಬಹುದೂರದಲ್ಲಿ, ಸುಮಾರು ಎರಡೂವರೆ ಲಕ್ಷ ಚದರ ಕಿಲೋಮೀಟರ್ ವಿಸ್ತಾರದ ತೆರೆದ ನೀರು ಕಂಡುಬಂದಿತು. ಕೆಳಗಿನ ಬೆಚ್ಚನೆಯ ನೀರು ಮೇಲೆದ್ದು ಹಿಮವನ್ನು ತಡೆದು, ತಾನು ತಣ್ಣಗಾಗಿ ಮತ್ತೆ ಆಳಕ್ಕೆ ಇಳಿಯುತ್ತಿದ್ದಿತೆಂದು ಆರ್ನಲ್ಡ್ ಗಾರ್ಡನನು ೧೯೭೮ರಲ್ಲಿ ವ್ಯಾಖ್ಯಾನಿಸಿದನು. ೨೦೧೬, ೨೦೧೭ನೆಯ ವರ್ಷಗಳಲ್ಲಿ ಇದು ಕಿರಿದಾಗಿ ಮರುಕಳಿಸಿತು. ಜಗಲಿಯ ದಾರಿಯೇ ಪ್ರಧಾನವಾದರೂ ನಡುಗಡಲಿನ ದಾರಿಯೂ ದಕ್ಷಿಣದಲ್ಲಿ ಇಲ್ಲದಿಲ್ಲವೆಂದು ಇದರಿಂದ ತಿಳಿದುಬರುವುದು. ಮನುಷ್ಯನು ಹೋಗಲಾರದ ಚಳಿಗಾಲದ ಕಡಲಿಗೆ ಈಗ ಸೀಲ್ ಎಂಬ ಜಲಚರಗಳು ಉಪಕರಣಗಳನ್ನು ಹೊತ್ತು ಮುಳುಗುತ್ತಿವೆ. ಅವು ತಂದ ಅಳತೆಗಳ ನೆರವಿನಿಂದಲೇ ಡಾರ್ನ್ಲೀ ಭೂಶಿರದ ಪೊಲಿನ್ಯಾವು ತಳದ ನೀರಿನ ಮತ್ತೊಂದು ಮೂಲವೆಂದು ೨೦೧೩ರಲ್ಲಿ ನಿರ್ಣಯವಾಯಿತು.

೫

ಕಾರಣವಿದ್ದರೆ ಕಾರ್ಯವಿರುವುದೆಂಬ ಅನ್ವಯವು ಹೀಗೆ ಸಿದ್ಧವಾಯಿತು. ಕಾರಣವು ತಪ್ಪಿದರೆ ಕಾರ್ಯವೂ ತಪ್ಪುವುದೆಂಬ ವ್ಯತಿರೇಕವನ್ನು ಪ್ರಕೃತಿಯೇ ತೋರಿಸಿಕೊಟ್ಟಿತು. ಮೆರ್ಟ್ಸ್ ಹಿಮನದಿಯ ಮುಂಚಾಚಿದ ನಾಲಗೆಯು ತೇಲುವ ಹಿಮವನ್ನು ತಡೆದು ತನ್ನ ಪಕ್ಕದಲ್ಲಿ ಪೊಲಿನ್ಯಾವನ್ನು ಉಳಿಸುತ್ತಿದ್ದಿತು. ೨೦೧೦ರ ಫೆಬ್ರವರಿಯಲ್ಲಿ ಆ ನಾಲಗೆಯು ಮುರಿದುಬಿದ್ದಿತು. ಆಮೇಲೆ ಅಲ್ಲಿ ಹಿಮದ ಉತ್ಪತ್ತಿಯು ಕುಗ್ಗಿ, ಜಗಲಿಯ ನೀರಿನ ಲವಣವೂ ಭಾರವೂ ಇಳಿದುವು.

ಈ ವ್ಯತಿರೇಕವು ಒಂದು ಸ್ಥಳಕ್ಕೆ ಮಾತ್ರ ಸೇರಿದುದಲ್ಲವೆಂಬ ಶಂಕೆಗೆ ಈಗ ಆಸ್ಪದವಿದೆ. ದಕ್ಷಿಣ ಖಂಡದ ಹಿಮವು ಕರಗಿ ಜಗಲಿಯ ನೀರನ್ನು ಸಪ್ಪೆಯಾಗಿಸುತ್ತಿದೆ. ಕಳೆದ ಕೆಲವು ದಶಕಗಳಲ್ಲಿ ತಳದ ನೀರು ಬೆಚ್ಚಗಾಗಿರುವುದೂ ಅದರ ಪ್ರಮಾಣವು ತಗ್ಗಿರುವುದೂ ಅಳತೆಗಳಿಂದ ಕಂಡುಬಂದಿದೆ. ಈ ನೀರು ಕೇವಲ ಶೈತ್ಯವನ್ನು ಹೊತ್ತು ತರುವುದಲ್ಲ. ಅಗಾಧದ ಜೀವರಾಶಿಗೆ ಬೇಕಾದ ಆಮ್ಲಜನಕವನ್ನೂ ಹೊತ್ತು ತರುವುದು. ಅದು ಕುಗ್ಗಿದರೆ ಅದರ ಫಲವು ಧ್ರುವದಲ್ಲಿಯೇ ನಿಲ್ಲುವುದಿಲ್ಲ.

ವಾತ್ಸ್ಯಾಯನನು ಶೇಷವತ್ತಿಗೆ ಮೊದಲು ಪೂರ್ವವತ್ ಎಂಬ ಅನುಮಾನವನ್ನು ಹೇಳಿರುವನು. ಮುಗಿಲು ಕವಿದುದನ್ನು ಕಂಡು ಮಳೆ ಬರುವುದೆಂದು ತಿಳಿಯುವುದು ಅದರ ಉದಾಹರಣೆ. ರಮ್‌ಫರ್ಡನಿಂದ ಡೀಕನನವರೆಗೆ ವಿದ್ವಾಂಸರು ಹೊಳೆಯ ತುಂಬನ್ನು ಕಂಡು ಮೇಲಿನ ಮಳೆಯನ್ನು ಊಹಿಸಿದರು. ಈಗಿನವರಿಗೆ ಬಂದೊದಗಿರುವುದು ಇನ್ನೊಂದು ಕೆಲಸ: ಕಾರಣವು ಬದಲಾಗುತ್ತಿರುವುದನ್ನು ಕಣ್ಣೆದುರಿಗೆ ಕಾಣುತ್ತ, ಮುಂದೆ ಬರಲಿರುವ ಕಾರ್ಯವನ್ನು ನಿರ್ಣಯಿಸುವುದು. ಮೊದಲನೆಯ ಅನುಮಾನದಲ್ಲಿ ತಪ್ಪಿದ್ದರೆ ಗ್ರಂಥವನ್ನು ತಿದ್ದಿದರೆ ಸಾಕಾಗುತ್ತಿದ್ದಿತು. ಎರಡನೆಯದರಲ್ಲಿ ತಪ್ಪಿದರೆ ತಿದ್ದಲು ಅವಕಾಶವು ಉಳಿಯದಿರಬಹುದು. ಆದುದರಿಂದ ಧ್ರುವಸಮುದ್ರದ ಒಂದೊಂದು ಚಳಿಗಾಲದ ಅಳತೆಯೂ ಹಿಂದೆಂದಿಗಿಂತಲೂ ಇಂದು ಬೆಲೆಯುಳ್ಳದ್ದಾಗಿದೆ.