ಹೇಸ್ಟಿಂಗ್ಸ್ ಮತ್ತು ಫಿನ್ಲೇ ಕಾಗದಪತ್ರಗಳು

ಆಟೋಮನ್ ಆಳ್ವಿಕೆಯ ವಿರುದ್ಧ 1821ರಲ್ಲಿ ದಂಗೆಯೆದ್ದ ಗ್ರೀಕರಿಗೆ ನೆರವಾಗಲು ಬಂದ ಬ್ರಿಟಿಷರಲ್ಲಿ ಕವಿ ಬೈರನ್ ಹೆಸರೇ ಹೆಚ್ಚು ಪ್ರಸಿದ್ಧ. ಸಮುದ್ರದ ಮೇಲಿನ ಹೋರಾಟವನ್ನು ಅರಿಯಲು ಮಾತ್ರ ಫ್ರಾಂಕ್ ಅಬ್ನಿ ಹೇಸ್ಟಿಂಗ್ಸ್‌ನ ಕಾಗದಪತ್ರಗಳೇ ಬೇಕು. ಬಾಲಕನಾಗಿದ್ದಾಗಲೇ ಟ್ರಫಾಲ್ಗರ್ ಕದನ ಕಂಡಿದ್ದ ಈ ನೌಕಾಧಿಕಾರಿ 1822ರಲ್ಲಿ ಗ್ರೀಸಿಗೆ ಬಂದ. ಹಾಯಿಹಡಗುಗಳ ಆ ಕಾಲದಲ್ಲಿ ಗ್ರೀಕರಿಗೆ ಮೇಲುಗೈ ತರಬಲ್ಲದ್ದು ಉಗಿಹಡಗು ಎಂದು ಪಟ್ಟುಹಿಡಿದು ವಾದಿಸಿದ. ಸ್ವಂತ ಹಣವನ್ನೂ ಸುರಿದ. ಹಾಗೆ ಸಿದ್ಧವಾದ ‘ಕಾರ್ತೆರಿಯಾ’ ಯುದ್ಧನೌಕೆ ಕೆಂಪಗೆ ಕಾಯಿಸಿದ ಗುಂಡುಗಳನ್ನು ಹಾರಿಸಿ, 1827ರ ಸೆಪ್ಟೆಂಬರಿನಲ್ಲಿ ಇಟೆಯಾ ಬಳಿ ಆಟೋಮನ್ ಹಡಗುಗಳನ್ನು ನಾಶಮಾಡಿತು. ಮರುವರ್ಷ ಐತೋಲಿಕೋ ಮೇಲಿನ ದಾಳಿಯಲ್ಲಿ ಗಾಯಗೊಂಡ ಹೇಸ್ಟಿಂಗ್ಸ್ ಜಾಂಟೆ ದ್ವೀಪದಲ್ಲಿ ತೀರಿಕೊಂಡ.

ಅವನ ಕಾಗದಗಳು ಗೆಳೆಯ ಜಾರ್ಜ್ ಫಿನ್ಲೇಯ ಕೈಸೇರಿದವು. 1823ರಲ್ಲಿ ಸ್ವಯಂಸೇವಕನಾಗಿ ಬಂದ ಫಿನ್ಲೇ ಅಥೆನ್ಸಿನಲ್ಲೇ ನೆಲೆಸಿ, ಗ್ರೀಸಿನ ಇತಿಹಾಸ ಬರೆದು, 1875ರಲ್ಲಿ ನಿಧನನಾದ. ಕಣ್ಣಾರೆ ಕಂಡವನೇ ಇತಿಹಾಸಕಾರನಾದದ್ದು ಫಿನ್ಲೇ ಬಿಟ್ಟುಹೋದ ಸಂಗ್ರಹದ ನಿಜವಾದ ಬೆಲೆ. ಅವನ ದಿನಚರಿ, ಪತ್ರ, ಪುಸ್ತಕಗಳೊಂದಿಗೆ ಹೇಸ್ಟಿಂಗ್ಸ್‌ನ ಕಾಗದಗಳೂ ಈಗ ಅಥೆನ್ಸಿನ ಬ್ರಿಟಿಷ್ ಸ್ಕೂಲ್ ಎಂಬ ಸಂಶೋಧನಾ ಸಂಸ್ಥೆಯಲ್ಲಿವೆ. ಇನ್ನೊಬ್ಬ ಸ್ವಯಂಸೇವಕ ಹಾಗೂ ಇತಿಹಾಸಕಾರ ಥಾಮಸ್ ಗಾರ್ಡನ್‌ನ ಕಾಗದಗಳು ಸ್ಕಾಟ್ಲೆಂಡಿನ ಅಬರ್ಡೀನ್ ವಿಶ್ವವಿದ್ಯಾಲಯದಲ್ಲಿವೆ.