ಮೈ ದಣಿದ ಮೇಲೆ ತಿಕ್ಕೋರು ಯಾರು?

ಜಿಮ್‌ನಲ್ಲೋ ಬಸ್‌ನಲ್ಲೋ ಇಯರ್‌ಫೋನ್ ಸಿಕ್ಕಿಸಿಕೊಂಡು ಇದನ್ನು ಕೇಳ್ತಿದ್ದೀರಾ? ಹಾಗಾದ್ರೆ ಒಂದು ಕೆಲಸ ಮಾಡಿ. ಬಲಗೈಯಿಂದ ಎಡ ಹೆಗಲನ್ನು, ಕುತ್ತಿಗೆಗೂ ಭುಜಕ್ಕೂ ನಡುವೆ, ಸ್ವಲ್ಪ ಒತ್ತಿ ನೋಡಿ. ಅಡಿಕೆಯಷ್ಟು ಗಟ್ಟಿಯಾದದ್ದು ಏನಾದ್ರೂ ಕೈಗೆ ಸಿಕ್ತಾ? ಒತ್ತಿದ್ರೆ ನೋವು ತಲೆವರೆಗೂ ಹೋಯ್ತಾ? ಆ ಗಂಟಿನ ಕಥೆಯೇ ಇವತ್ತಿನ ಕಂತು.

ನನ್ನ ಗಂಟು ಬೆಳಗಾವಿಯ ಟಿಳಕವಾಡಿಯಲ್ಲಿ ಹುಟ್ಟಿದ್ದು. ತಪ್ಪು ಜಿಮ್‌ನದ್ದಲ್ಲ, ನನ್ನದೇ. ವಾರಕ್ಕೆ ಆರು ದಿನ ಭಾರ ಎತ್ತೋದು, ಎರಡೇ ತಿಂಗಳಲ್ಲಿ ಮೈಕಟ್ಟು ಬರಬೇಕು ಅನ್ನೋ ಆತುರ. ಬಲ ಹೆಗಲು ಹಿಡ್ಕೊಳ್ತು. ಬೈಕ್ ಓಡಿಸುವಾಗ ಹಿಂದೆ ತಿರುಗಿ ನೋಡೋಕೂ ಆಗ್ತಿರಲಿಲ್ಲ. ಆನ್‌ಲೈನ್‌ನಲ್ಲಿ ಮಸಾಜ್ ಗನ್ ತರಿಸಿ, ನೇರ ಗಂಟಿನ ಮೇಲೇ ಇಪ್ಪತ್ತು ನಿಮಿಷ ಇಟ್ಟೆ. ಮರುದಿನ ಗಂಟು ಇದ್ದಲ್ಲೇ ಇತ್ತು. ಅದರ ಸುತ್ತ ನೀಲಿ ಕಲೆ ಬೇರೆ.

ಆ ಭಾನುವಾರ ರೈಲು ಹತ್ತಿ ಖಾನಾಪುರಕ್ಕೆ ಹೋದೆ. ಅಲ್ಲಿಂದ ನಂದಗಡದ ಕಡೆ ನಮ್ಮೂರು. ಹೌದು, 1831ರಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ ಅದೇ ನಂದಗಡ. ಊರಲ್ಲಿ ನಮ್ಮ ಕಾಕಾ ಇದ್ದಾರೆ. ಒಂದು ಕಾಲದ ಪೈಲ್ವಾನರು, ಈಗ ಎಪ್ಪತ್ತು ದಾಟಿದೆ. ನನ್ನ ಕೈಯಲ್ಲಿದ್ದ ಯಂತ್ರ ನೋಡಿ, "ಏನಲೇ ತಮ್ಮಾ, ಗನ್ ಹಿಡ್ಕೊಂಡು ಯಾರನ್ನ ಹೊಡ್ಯಾಕ ಬಂದಿ?" ಅಂದ್ರು.

ಕಟ್ಟೆ ಮೇಲೆ ಕೂರಿಸಿ ಎಳ್ಳೆಣ್ಣೆ ಬೆಚ್ಚಗೆ ಮಾಡಿದ್ರು. ಗಂಟನ್ನು ಮುಟ್ಟಲೇ ಇಲ್ಲ. ಅಂಗೈಯಿಂದ ಶುರು ಮಾಡಿ ಮೊಣಕೈ, ತೋಳು, ಬೆನ್ನು ಅಂತ ಒಂದೊಂದೇ ನೀವುತ್ತಾ ಬಂದ್ರು. ಕೊನೆಗೆ ಹೆಬ್ಬೆರಳನ್ನು ಗಂಟಿನ ಮೇಲಿಟ್ಟು, ಒತ್ತದೆ, ಮೈಭಾರ ಮಾತ್ರ ನಿಧಾನ ಬಿಟ್ಟು ನಾಲ್ಕೈದು ಉಸಿರಿನಷ್ಟು ಹೊತ್ತು ಹಾಗೇ ನಿಂತ್ರು. "ಗಂಟಿನ ಜೋಡಿ ಜಗಳಾ ಆಡಬಾರ್ದೋ. ಮೊದಲ ಅದರ ಮನಿಯವರನ್ನೆಲ್ಲಾ ಮಾತಾಡ್ಸಬೇಕು" ಅಂದ್ರು. ಗಂಟು ಮಾಯವಾಯ್ತು ಅಂತ ಸುಳ್ಳು ಹೇಳಲ್ಲ. ಆದ್ರೆ ಕುತ್ತಿಗೆ ತಿರುಗಿತು.

ಎಣ್ಣೆ ಒರೆಸ್ತಾ ಅವರು ಕೇಳಿದ ಮಾತು ಆಮೇಲೆ ನನ್ನನ್ನು ಬಿಡಲಿಲ್ಲ. "ಅಲ್ಲೋ, ನಿಮ್ಮ ಜಿಮ್ಮಿನ್ಯಾಗ ಮೈ ತಿಕ್ಕೋರು ಯಾರು?"

ಯಾರೂ ಇಲ್ಲ. ನಾನು ಆ ಪ್ರಶ್ನೆಯನ್ನೇ ಎಂದೂ ಕೇಳ್ಕೊಂಡಿರಲಿಲ್ಲ.

ನಮ್ಮ ಕಡೆ ಗರಡಿಮನೆಗೆ ತಾಲೀಮು ಅಂತಲೂ ಕರೀತಾರೆ. ಅರಬ್ಬಿಯ 'ತಅಲೀಮ್'ನಿಂದ ಬಂದ ಪದ, ಅಂದ್ರೆ ಶಿಕ್ಷಣ. ಕಾಕಾನ ತಾಲೀಮಿನಲ್ಲಿ ನಸುಕಿಗೆ ದಂಡ, ಬೈಠಕ್, ಆಮೇಲೆ ಮಣ್ಣಿನ ಕಣದಲ್ಲಿ ಜೋರು. ಆ ಮಣ್ಣಿಗೂ ಉಪಚಾರ ಇತ್ತು: ಕೆಮ್ಮಣ್ಣು ಜರಡಿ ಹಿಡಿದು ಮಜ್ಜಿಗೆ, ಎಣ್ಣೆ, ಅರಿಸಿನ, ನಿಂಬೆರಸ ಕಲಸೋರು. ಜೋರು ಮುಗಿದ ಮೇಲೆ ಬೆವರು ಹೀರಲಿ ಅಂತ ಅದೇ ಮಣ್ಣನ್ನು ಮೈಗೆ ಹಚ್ಚಿಕೊಂಡು ಕೂರೋರು. ಆಮೇಲೆ ಮಾಲೀಶ್. ಕಿರಿಯರು ವಸ್ತಾದರಿಗೆ, ಜೋಡಿಯವರು ಒಬ್ಬರಿಗೊಬ್ಬರು. ಇದು ಯಾರಿಗಾದ್ರೂ ನೋವಾದಾಗ ಮಾಡೋ ಚಿಕಿತ್ಸೆ ಆಗಿರಲಿಲ್ಲ. ತಿಕ್ಕದೇ ಎದ್ದು ಹೋದರೆ ಆ ದಿನದ ತಾಲೀಮು ಮುಗೀತಿರಲಿಲ್ಲ, ಅಷ್ಟೇ.

ಇದು ಬರೀ ಹಳ್ಳಿ ರೂಢಿನಾ ಅಂತ ಹುಡುಕ್ತಾ ಹೋದೆ. ಆಯುರ್ವೇದದ ವಾಗ್ಭಟ ಸುಮಾರು 7ನೇ ಶತಮಾನದವನು. ಅವನ 'ಅಷ್ಟಾಂಗ ಹೃದಯ'ದಲ್ಲಿ ದಿನಚರಿಯ ಭಾಗ ಒಂದಿದೆ. ವ್ಯಾಯಾಮವನ್ನು ಶಕ್ತಿಯ ಅರ್ಧದಷ್ಟು ಮಾತ್ರ ಮಾಡು, ಮಾಡಿದ ಮೇಲೆ ಮೈಯನ್ನೆಲ್ಲ ಹಿತವಾಗಿ ತಿಕ್ಕಿಸು ಅನ್ನೋದು ಅದರ ಸಾರ. ಅರ್ಧ ಶಕ್ತಿ! ಆರು ದಿನ ಪೂರ್ತಿ ಶಕ್ತಿ ಹಾಕಿದ ನನಗೆ ಇದನ್ನು ಓದಿ ನಗುವೇ ಬಂತು.

ಇನ್ನೂ ಹತ್ತಿರದ ಸಾಕ್ಷಿ ನಮ್ಮದೇ ನೆಲದ್ದು. ಕಲ್ಯಾಣ ಚಾಲುಕ್ಯರ ದೊರೆ ಮೂರನೇ ಸೋಮೇಶ್ವರ 1130ರ ಆಸುಪಾಸಿನಲ್ಲಿ 'ಮಾನಸೋಲ್ಲಾಸ' ಅನ್ನೋ ಸಂಸ್ಕೃತ ವಿಶ್ವಕೋಶ ಬರೆದ. ಅದರಲ್ಲಿ ಮಲ್ಲವಿನೋದ ಅಂತ ಕುಸ್ತಿಗೇ ಒಂದು ಅಧ್ಯಾಯ. ಮಲ್ಲರನ್ನು ದರ್ಜೆ ಮಾಡಿ, ಅವರ ಊಟ ಹೇಳಿ, ಆಮೇಲೆ ವ್ಯಾಯಾಮದ ಬಗೆಗಳು: ಭಾರ ಎತ್ತೋದು ಭಾರಶ್ರಮ, ನಡೆದಾಡೋದು ಭ್ರಮಣಶ್ರಮ, ಈಜೋದು ಸಲಿಲಶ್ರಮ, ಕಂಬದ ಮೇಲಿನದು ಸ್ತಂಭಶ್ರಮ. ಜಿಮ್ ಟ್ರೇನರ್ ಬರೆದುಕೊಡೋ ಚಾರ್ಟ್ ಥರಾನೇ ಇದೆ. ಅದೇ ಗ್ರಂಥದಲ್ಲಿ ಸ್ನಾನಭೋಗ ಅನ್ನೋ ಅಧ್ಯಾಯವೂ ಉಂಟು. ಅಲ್ಲಿ ಪರಿಮಳದ ಎಣ್ಣೆ ಹಚ್ಚಿ ಮೈ ತಿಕ್ಕಿಸಿಕೊಳ್ಳೋ ವಿವರ.

ಬೆಳಗಾವಿಯ ಇತ್ತೀಚಿನ ಕುಸ್ತಿಗೆ ಮಾತ್ರ ಗಾಳಿ ಬೀಸಿದ್ದು ಕೊಲ್ಹಾಪುರದಿಂದ. ಅಲ್ಲಿ 1894ರಿಂದ 1922ರವರೆಗೆ ಆಳಿದ ಶಾಹೂ ಮಹಾರಾಜರು ಪೈಲ್ವಾನರಿಗೆ ಆಶ್ರಯ ಕೊಟ್ಟು, 1912ರಲ್ಲಿ ಖಾಸಬಾಗ್ ಮೈದಾನ ಕಟ್ಟಿಸಿದ್ರು. ಬೆಳಗಾವಿಯಲ್ಲಿ ಆನಂದವಾಡಿ ಅಖಾಡದ ಕುಸ್ತಿಗೆ ಇವತ್ತೂ ಜನ ಸೇರ್ತಾರೆ. ನಮ್ಮ ಕಾಕಾನೂ ಎತ್ತಿನ ಗಾಡಿ, ಲಾರಿ ಹತ್ತಿ ಇಂಥ ಮೈದಾನ ಸುತ್ತಿದವರೇ.

ಇಲ್ಲಿ ಒಂದು ವಿಷಯಕ್ಕೆ ನಿಲ್ಲಬೇಕು. ಅಮೆರಿಕದ ಜೋಸೆಫ್ ಆಲ್ಟರ್ ಅನ್ನೋ ಮಾನವಶಾಸ್ತ್ರಜ್ಞ ವಾರಾಣಸಿಯ ಅಖಾಡಗಳ ಬಗ್ಗೆ 1992ರಲ್ಲಿ ಪುಸ್ತಕ ಬರೆದ್ರು. ಹೊರಗೆ ಒಬ್ಬರನ್ನೊಬ್ಬರು ಮುಟ್ಟದ ಜಾತಿಗಳವರು ಅಖಾಡದೊಳಗೆ ಪರಸ್ಪರ ಮೈ ತಿಕ್ಕೋದನ್ನು ಅವರು ಗಮನಿಸಿದ್ರು. ಓದಿ ಖುಷಿಯಾಗಿ ಕಾಕಾಗೆ ಫೋನ್ ಮಾಡಿದೆ. ನಿಮ್ಮ ತಾಲೀಮಿನಲ್ಲೂ ಹೀಗೇ ಇತ್ತಾ ಅಂತ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ರು. "ಮಣ್ಣಿನ್ಯಾಗ ಎಲ್ಲಾರೂ ಒಂದ. ನನ್ನ ಬೆನ್ನು ತಿಕ್ಕಿದಾಂವ ದಲಿತರ ಕೇರಿಯಾಂವ, ಅವನಷ್ಟು ಚಂದ ಯಾರ ಕೈನೂ ಇರಲಿಲ್ಲ. ಹೊರಗ ಬಂದ ಮ್ಯಾಲ ಅವನ ಬಾವಿ ಬ್ಯಾರೆ, ನಮ್ಮ ಬಾವಿ ಬ್ಯಾರೆ. ನಾನೂ ಏನೂ ಅನಲಿಲ್ಲ." ಮುಂದೆ ಅವರೂ ಮಾತಾಡಲಿಲ್ಲ, ನಾನೂ ಕೇಳಲಿಲ್ಲ.

ತಾಲೀಮಿನೊಳಗೆ ಹೆಣ್ಣುಮಕ್ಕಳಿಗಂತೂ ಜಾಗವೇ ಇರಲಿಲ್ಲ. ಅವರಿಗೆ ಎಣ್ಣೆ ತಿಕ್ಕೋ ವಿದ್ಯೆ ಇದ್ದದ್ದು ಬಾಣಂತಿ ಕೋಣೆಯಲ್ಲಿ, ಅಜ್ಜಿಯರ ಕೈಯಲ್ಲಿ. ಈಗ ಕಾಲ ಬೇರೆ. ಬೆಳಗಾವಿ ಹತ್ತಿರದ ತುರಮುರಿಯ ಮಲಪ್ರಭಾ ಜಾಧವ 2018ರ ಏಷ್ಯನ್ ಗೇಮ್ಸ್‌ನಲ್ಲಿ ಕುರಾಶ್ ಕುಸ್ತಿಯಲ್ಲಿ ಕಂಚು ತಂದ್ರು.

ಸರಿ, ಈ ಕೈವಿದ್ಯೆ ಯಂತ್ರವಾಗಿ ನನ್ನ ಬ್ಯಾಗಿಗೆ ಬಂದದ್ದು ಹೇಗೆ? ಪಾಟ್ನಾ ಕಡೆಯ ಶೇಖ್ ದೀನ್ ಮಹಮ್ಮದ್ ಅನ್ನೋರು 1814ರ ಹೊತ್ತಿಗೆ ಇಂಗ್ಲೆಂಡಿನ ಬ್ರೈಟನ್‌ನಲ್ಲಿ ಸ್ನಾನಗೃಹ ತೆರೆದು ಇಂಗ್ಲಿಷರ ಮೈ ಒತ್ತಿದ್ರು. ನಾವು ಚಂಪಿ ಅಂತೀವಲ್ಲ, ಅದೇ ಮೂಲದಿಂದ ಶಾಂಪೂ ಪದ ಹುಟ್ಟಿದ್ದು. ತಲೆಗೆ ಹಾಕೋ ಸೋಪಿನ ಅರ್ಥ ಆಮೇಲಿನದು. 19ನೇ ಶತಮಾನದಲ್ಲೇ ಡಚ್ ವೈದ್ಯ ಯೋಹಾನ್ ಮೆಟ್ಸ್‌ಗರ್ ಮಸಾಜಿನ ಪಟ್ಟುಗಳಿಗೆ ಫ್ರೆಂಚ್ ಹೆಸರುಗಳನ್ನು ಬಳಕೆಗೆ ತಂದ: ಎಫ್ಲರಾಜ್, ಪೆಟ್ರಿಸಾಜ್, ಫ್ರಿಕ್ಷನ್, ಟಪೋಟ್ಮಾಂ. ಇವತ್ತಿಗೂ ಫಿಸಿಯೋಥೆರಪಿ ವಿದ್ಯಾರ್ಥಿಗಳು ಇವನ್ನು ಬಾಯಿಪಾಠ ಮಾಡ್ತಾರೆ. ಕನ್ನಡದಲ್ಲಿ ಹೇಳ್ಲಾ? ನೀವೋದು, ನಾದೋದು, ತಿಕ್ಕೋದು, ತಟ್ಟೋದು. ರೊಟ್ಟಿ ಮಾಡೋ ನಮ್ಮ ಕಾಕಿಗೆ ಇದರಲ್ಲಿ ಹೊಸದೇನೂ ಇಲ್ಲ.

ನೋವು ಯಾಕೆ ಬರುತ್ತೆ ಅನ್ನೋದಕ್ಕೆ ಲ್ಯಾಕ್ಟಿಕ್ ಆಸಿಡ್ ಅಂತ ಜಿಮ್‌ನಲ್ಲಿ ಎಲ್ಲರೂ ಹೇಳ್ತಾರೆ. ಅದು ವ್ಯಾಯಾಮ ಮುಗಿದ ಒಂದು ಗಂಟೆಯೊಳಗೇ ಮಾಮೂಲಿಗೆ ಇಳಿದಿರುತ್ತೆ. ಎರಡನೇ ದಿನ ಮೆಟ್ಟಿಲು ಇಳಿಯೋಕಾಗದ ನೋವಿಗೆ ಕಾರಣ ಸ್ನಾಯುವಿನ ಎಳೆಗಳಿಗಾದ ಸಣ್ಣ ಪೆಟ್ಟು ಇರಬೇಕು ಅಂತ ಥಿಯೋಡರ್ ಹಫ್ 1902ರಲ್ಲೇ ಬರೆದಿದ್ದ. ಬೆರಳಿಗೆ ಸಿಗೋ ಗಂಟಿಗೆ ಟ್ರಿಗರ್ ಪಾಯಿಂಟ್ ಅನ್ನೋ ಹೆಸರನ್ನು ಜನಪ್ರಿಯ ಮಾಡಿದ್ದು ಜಾನೆಟ್ ಟ್ರಾವೆಲ್, ಬೆನ್ನುನೋವಿನ ಅಧ್ಯಕ್ಷ ಕೆನಡಿಯ ವೈದ್ಯೆ. ಗಂಟಿನೊಳಗೆ ನಿಜಕ್ಕೂ ಏನಿದೆ ಅನ್ನೋದರಲ್ಲಿ ವಿಜ್ಞಾನಿಗಳು ಇನ್ನೂ ಜಗಳ ಆಡ್ತಿದ್ದಾರೆ. ತಿಕ್ಕಿದರೆ ಹಿತವಾಗೋದರಲ್ಲಿ ಜಗಳ ಕಡಿಮೆ: 2018ರಲ್ಲಿ 99 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗ, ವ್ಯಾಯಾಮದ ನಂತರದ ನೋವಿಗೂ ದಣಿವಿಗೂ ಹೆಚ್ಚು ಪರಿಣಾಮ ಕಂಡಿದ್ದು ಮಸಾಜಿನಲ್ಲೇ. ಇನ್ನು ಗನ್ ಹುಟ್ಟಿದ್ದು 2007ರಲ್ಲಿ ಅಮೆರಿಕದ ಜೇಸನ್ ವರ್ಸ್‌ಲ್ಯಾಂಡ್ ಬೈಕ್ ಅಪಘಾತದ ನೋವಿಗೆ ತನಗಾಗಿ ಏನೋ ಜೋಡಿಸಿಕೊಳ್ಳೋಕೆ ಹೋಗಿ. ಯಂತ್ರ ಕೆಟ್ಟದ್ದು ಅಂತ ನಾನು ಹೇಳಲ್ಲ. ಒಬ್ಬರೇ ಇರೋ ರೂಮಿನಲ್ಲಿ ಬೆನ್ನು ತಿಕ್ಕೋರು ಎಲ್ಲಿಂದ ಬರಬೇಕು? ನಾನು ಬಳಸಿದ ರೀತಿ ಕೆಟ್ಟದ್ದಾಗಿತ್ತು.

ಮರೆಯೋ ಮುಂಚೆ ಒಂದು ಮಾತು. ವ್ಯಾಯಾಮದ ನಂತರ ಸ್ನಾಯು ಊದಿಕೊಂಡು ಮೂತ್ರ ಚಹಾದ ಬಣ್ಣಕ್ಕೆ ತಿರುಗಿದರೆ, ಇಲ್ಲಾ ಒಂದೇ ಮೀನಖಂಡ ಊದಿ ಬಿಸಿಯಾಗಿದ್ದರೆ ಎಣ್ಣೆ ಹಚ್ಚಬೇಡಿ. ಸೀದಾ ಆಸ್ಪತ್ರೆಗೆ ಹೋಗಿ.

ಹೋದ ತಿಂಗಳು ಮತ್ತೆ ಊರಿಗೆ ಹೋಗಿದ್ದೆ. ತಾಲೀಮು ಈಗ ಗೊಬ್ಬರದ ಚೀಲ ಇಡೋ ಕೋಣೆ. ಕಣದ ಜಾಗಕ್ಕೆ ಸಿಮೆಂಟು ಬಿದ್ದಿದೆ. ಕಾಕಾ ಅಂಗಿ ಹಾಕ್ಕೊಳ್ಳೋಕೆ ಒದ್ದಾಡ್ತಿದ್ರು, ಎಡಗೈ ಮೇಲೆ ಏಳ್ತಿರಲಿಲ್ಲ. ಎಷ್ಟು ದಿನದಿಂದ ಅಂತ ಕೇಳಿದೆ. "ಆತು ಎರಡ ವರ್ಷ. ಈಗ ತಿಕ್ಕೋರು ಯಾರದಾರ?" ಅಂದ್ರು. ಬೆಳಗಾವಿಯಲ್ಲಿ ಡಾಕ್ಟರ್‌ಗೆ ತೋರಿಸೋಣ ಅಂತ ಒಪ್ಪಿಸಿದೆ. ತೋರಿಸಿದ್ವಿ, ಮುರಿತ ಏನಿಲ್ಲ, ಬಿಗಿದಿದೆ, ನಿಧಾನ ಆಡಿಸ್ತಾ ಇರಿ ಅಂದ್ರು. ಆ ರಾತ್ರಿ ಎಣ್ಣೆ ಬಿಸಿ ಮಾಡಿದ್ದು ನಾನು. ನನ್ನ ಕೈ ನೇರ ಹೆಗಲಿಗೆ ಹೋಯ್ತು. ಕಾಕಾ ಕಣ್ಣು ಮುಚ್ಕೊಂಡೇ ಗದರಿಸಿದ್ರು: "ಅಂಗೈಯಿಂದ ಶುರು ಮಾಡೋ."