ವಿಷದ ಸೊಪ್ಪಿನಿಂದ ಸಕ್ಕರೆ ಕಾಯಿಲೆಯ ಮಾತ್ರೆಗೆ

ಸಕ್ಕರೆ ಕಾಯಿಲೆಯವರಿರುವ ಮನೆಗಳಲ್ಲಿ ಮೆಟ್‌ಫಾರ್ಮಿನ್ ಮಾತ್ರೆ ಅಪರಿಚಿತವಲ್ಲ. ಅದರ ಕಥೆ ಆರಂಭವಾಗುವುದು ಯೂರೋಪಿನ ಗಲೀಗ ಎಂಬ ಗಿಡದಿಂದ. ಅತಿಮೂತ್ರಕ್ಕೆ ಅಲ್ಲಿನ ನಾಟಿ ವೈದ್ಯರು ಈ ಸೊಪ್ಪನ್ನು ಕೊಡುತ್ತಿದ್ದರು. ಆದರೆ ಅದನ್ನು ಮೇದ ಕುರಿಗಳು ಸಾಯುವುದೂ ಉಂಟು. ಅದರಲ್ಲಿದ್ದ, ಸಕ್ಕರೆ ಇಳಿಸುವ ಗ್ವಾನಿಡಿನ್ ಜಾತಿಯ ಅಂಶವೇ ವಿಷವೂ ಆಗಿತ್ತು. ಅದರ ಸೌಮ್ಯ ಬಂಧುವಾದ ಮೆಟ್‌ಫಾರ್ಮಿನ್ 1922ರಲ್ಲಿ ಡಬ್ಲಿನ್ನಿನ ಪ್ರಯೋಗಶಾಲೆಯಲ್ಲಿ ತಯಾರಾಯಿತು. ರೋಗಿಗಳಿಗೆ ಅದು ಹಿತವೆಂದು ಫ್ರಾನ್ಸಿನ ವೈದ್ಯ ಝಾನ್ ಸ್ಟರ್ನ್ ತೋರಿಸಿದ್ದು 1957ರಲ್ಲಿ.

ಚಿಂತೆ, ಭಯಗಳಾದಾಗ ಏರುವ ಅಡ್ರಿನಲಿನ್, ಕಾರ್ಟಿಸಾಲ್ ಹಾರ್ಮೋನುಗಳು ಯಕೃತ್ತಿನಿಂದ ರಕ್ತಕ್ಕೆ ಹೆಚ್ಚು ಸಕ್ಕರೆ ಹರಿಸುತ್ತವೆ. ಈ ಮಾತ್ರೆ ಯಕೃತ್ತಿನ ಸಕ್ಕರೆ ತಯಾರಿಕೆಯನ್ನೇ ತಗ್ಗಿಸುತ್ತದೆ, ಚಿಂತೆಯನ್ನಲ್ಲ. ಸೊಪ್ಪಿನ ಕಷಾಯದಿಂದ ಅಪಾಯವೇನೆಂದು ಮಾತ್ರೆ ಬಿಡುವವರು ಒಮ್ಮೆ ಆ ಕುರಿಗಳನ್ನು ನೆನೆಯಲಿ.